ದೊರೆಗೊಂದು ಬಿಸಿಯೆಡೆ

ನನ್ನ ಗಾಡಿಯ ಗೇರ್ ರಾಡಿನ ಬುಡದಲ್ಲಿ ಒಂದು ಕಲೆ ಇದೆ. ಬೆಲ್ಲದ ಬಣ್ಣದ್ದು. ಕಣ್ಣು ಕಿರಿದು ಮಾಡಿ ನೋಡಿದರೆ ಕುಂತ ಆಮೆಯ ಹಾಗೆ ಕಾಣುತ್ತದೆ. ಬಿಸಿಲೇರಿದ ಮೇಲೆ ಗಾಡಿ ಹತ್ತಿದರೆ ತಳ ಹಿಡಿದ ಹಾಲಿನ ವಾಸನೆ ಗಮ್ಮೆನ್ನುತ್ತದೆ. ವಾಟರ್ ಸರ್ವಿಸಿಗೆ ಬಿಟ್ಟಾಗಲೆಲ್ಲ ಅಲ್ಲಿಯ ಹುಡುಗ ಬ್ರಷ್ಷು ಹಿಡಿದು ಅದರ ಮೇಲೆ ಬೀಳುತ್ತಾನೆ, ನಾನು ಅವನ ಮೇಲೆ ಬೀಳುತ್ತೇನೆ. "ಅಣ್ಣ, ಉಜ್ಜಿದ್ರೆ ಹೋಗ್ತೈತೆ ಬಿಡ್ರಿ" ಅಂತಾನೆ. "ಹೋಗಬಾರದು ಅಂತಾನೇ ಬಡ್ಕಂತಿರೋದು ಮಾರಾಯ" ಅಂತೀನಿ. ಅವನು ನನ್ನನ್ನು ನೋಡುವ ನೋಟ ನನಗೆ ಹೊಸದಲ್ಲ. ಹುಟ್ಟಿದಾಗಿನಿಂದ ಜನ ನನ್ನನ್ನು ಹಾಗೆಯೇ ನೋಡಿಕೊಂಡು ಬಂದಿದ್ದಾರೆ.

ಬೇರೆಯವರ ಮನೆಯಲ್ಲಿ ಸನ್ಮಾನದ ಫಲಕ ಇರುತ್ತದೆ, ಗಾಜಿನ ಪೆಟ್ಟಿಗೆಯಲ್ಲಿ ಬೆಳ್ಳಿ ಕತ್ತಿ ಇರುತ್ತದೆ. ನಮ್ಮ ಮನೆತನಕ್ಕೆ ಇರುವ ಒಂದೇ ಒಂದು ಪದಕ ಈ ಕಲೆ. ಅದು ಹೇಗೆ ಬಂತೆಂದು ಹೇಳಬೇಕಾದರೆ ಗಾಡಿಯ ಕತೆ ಹೇಳಬೇಕು. ಗಾಡಿಯ ಕತೆ ಹೇಳಬೇಕಾದರೆ ನನ್ನ ಕೈಗುಣದ ಬಗ್ಗೆ ಎರಡು ಮಾತು ಹೇಳಲೇಬೇಕು. ಸ್ವಲ್ಪ ಕೂತುಕೊಳ್ಳಿ.

ನಾನು ಚಿಕ್ಕವನಿದ್ದಾಗ ಬಿಳಿಚೋಡಿನ ನಮ್ಮ ಹಿತ್ತಲಲ್ಲಿ ಕರುವಿಗೊಂದು ದೊಡ್ಡಿ ಕಟ್ಟಿದ್ದೆ. ಕರುವನ್ನು ನಡುವೆ ನಿಲ್ಲಿಸಿಕೊಂಡು ಸುತ್ತಲೂ ಗೂಟ ನೆಟ್ಟೆ, ಜಾಲಿ ಮುಳ್ಳು ಹೆಣೆದೆ, ಹಗ್ಗ ಬಿಗಿದೆ. ಎಂಥ ಗಟ್ಟಿ ದೊಡ್ಡಿ ಅಂದರೆ ಆನೆ ಬಂದರೂ ಅಲ್ಲಾಡುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ನೋಡಿದರೆ ಬಾಗಿಲು ಇಟ್ಟಿರಲಿಲ್ಲ, ಮತ್ತು ನಾನೂ ಒಳಗೇ ಇದ್ದೆ. ಸಂಜೆ ಒಂದು ಕಡೆಯಿಂದ ಹಸು, ಇನ್ನೊಂದು ಕಡೆಯಿಂದ ನಮ್ಮವ್ವ, ಇಬ್ಬರೂ ತಮ್ಮ ತಮ್ಮ ಮಗುವನ್ನು ಕೂಗುತ್ತ ಬಂದರು. ಹಸು ತನ್ನ ಕರುವನ್ನು ಪ್ರೀತಿಯಿಂದ ನೆಕ್ಕಿತು. ನಮ್ಮವ್ವ ಏನು ಮಾಡಿದಳು ಎನ್ನುವುದು ಇಲ್ಲಿ ಬೇಡ.

ಇಂಥ ಕೈ ಇಟ್ಟುಕೊಂಡು ನಾನು ಮನೆಗಾಡಿ ಕಟ್ಟಲು ಹೊರಟೆ. ಫೋನಿನಲ್ಲಿ ನೋಡಿರುತ್ತೀರಿ, ಯಾವುದೋ ದೇಶದ ಗಂಡ ಹೆಂಡತಿ ಒಂದು ವ್ಯಾನಿನಲ್ಲೇ ಮಂಚ, ಒಲೆ, ನಲ್ಲಿ ಎಲ್ಲ ಮಾಡಿಕೊಂಡು ಹಿಮದ ಬೆಟ್ಟದ ಮುಂದೆ ಕಾಫಿ ಕುಡಿಯುತ್ತಿರುತ್ತಾರೆ. ನಮ್ಮಲ್ಲಿ ಹಿಮ ಇಲ್ಲದಿದ್ದರೇನು, ಸೂಳೆಕೆರೆ ಇದೆ, ಸಂತೇಬೆನ್ನೂರಿನ ಹೊಂಡ ಇದೆ ಎಂದುಕೊಂಡೆ. ಪ್ರವಾಸಿಗರಿಗೆ ಬಾಡಿಗೆ ಬಿಡುವುದು, ಕೂತು ಉಣ್ಣುವುದು ನನ್ನ ಲೆಕ್ಕಾಚಾರ. ನ್ಯಾಮತಿಯಲ್ಲಿ ಬ್ಯಾಂಡ್‌ಸೆಟ್ಟಿನವರೊಬ್ಬರು ಡೀಜೆಗೆ ಹೊರಳಿದ್ದರಿಂದ ತಮ್ಮ ಹಳೆ ವ್ಯಾನು ಮಾರುತ್ತಿದ್ದರು. ಅದನ್ನು ಕೊಂಡು ತಂದೆ. ಈಗಲೂ ಅದರ ಹಾರನ್ನು ಒತ್ತಿದರೆ ಮುಂದೆ ಹೋಗುವವರು ದಾರಿ ಬಿಡುವ ಬದಲು ಮದುಮಗನನ್ನು ಹುಡುಕುತ್ತಾರೆ.

ವ್ಯಾನನ್ನು ಮನೆ ಮಾಡಿದ್ದು ಹೊನ್ನಾಳಿಯಲ್ಲಿ, ನಮ್ಮ ಸೋದರತ್ತೆಯ ಮಗ ಹಾಲೇಶನ ವೆಲ್ಡಿಂಗ್ ಅಂಗಡಿಯ ಮುಂದೆ. ಹಾಲೇಶ ಕಡಿಮೆ ಮಾತಿನವನು. ಅವನು ಬೆಸೆಯುತ್ತಿದ್ದ, ನಾನು ತಲೆ ಓಡಿಸುತ್ತಿದ್ದೆ. ತಪ್ಪಾದದ್ದೆಲ್ಲ ತಲೆ ಓಡಿದ ಕಡೆಯೇ. ಪಾತ್ರೆ ತೊಳೆಯುವ ತೊಟ್ಟಿಯ ಪೈಪನ್ನು ನಾನು ಎಲ್ಲಿಗೆ ಬಿಟ್ಟಿದ್ದೆನೆಂದರೆ, ಹಿಂದೆ ಯಾರಾದರೂ ಒಂದು ಲೋಟ ತೊಳೆದರೂ ಮುಂದೆ ಡ್ರೈವರನ ಕ್ಲಚ್ಚಿನ ಕಾಲಿಗೆ ಅಭಿಷೇಕವಾಗುತ್ತಿತ್ತು. ಮಂಚದ ಅಳತೆಯನ್ನು ಹಾಲೇಶ ಮಲಗಿದ್ದಾಗ ತೆಗೆದುಕೊಂಡಿದ್ದೆ. ಅವತ್ತು ಚಳಿಗೆ ಅವನು ಮುದುಡಿಕೊಂಡು ಮಲಗಿದ್ದ. ತಟ್ಟೆಯ ಕಪಾಟು ಗಾಡಿ ಎಡಕ್ಕೆ ತಿರುಗಿದರೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಹಾಗಾಗಿ ಎಡ ತಿರುವು ಬಂದಾಗ "ತಟ್ಟೆ ಬರ್ತಾವೆ!" ಎಂದು ಹಿಂದಿನವರಿಗೆ ಕೂಗಿ ಹೇಳಬೇಕು. ನೆತ್ತಿಯ ಮೇಲೊಂದು ನೀರಿನ ಕರೀ ಟ್ಯಾಂಕು. ಅದನ್ನು ಕೂರಿಸಿದ ಮೇಲೆ ಗಾಡಿ ಅಂಬಾರಿ ಹೊತ್ತ ಹಾಗೆ ಕಾಣುತ್ತಿತ್ತು. "ಬಾವ, ಇದು ಜಾಸ್ತಿ ಎತ್ರ ಆತು" ಎಂದ ಹಾಲೇಶ. "ಮೇಲೆ ಆಕಾಶ ಖಾಲಿ ಐತಲ್ಲೋ" ಎಂದೆ ನಾನು.

ಊರಿಗೆ ತಂದು ನಿಲ್ಲಿಸಿದೆ. ಪ್ರವಾಸಿಗರು ಬರಲಿಲ್ಲ. ಫೋನೊಂದು ಬಂತು, ಈರುಳ್ಳಿ ಎಷ್ಟು ಚೀಲ ಹಿಡಿಯುತ್ತದೆ ಎಂದು ಕೇಳಿ ಇಟ್ಟುಬಿಟ್ಟರು.

ಆಮೇಲೆ ಒಂದು ದಿನ ನಮ್ಮ ಗೌರಜ್ಜಿ ಅಂಗಳಕ್ಕೆ ಬಂದು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿದಳು. ಗೌರಜ್ಜಿ ನನ್ನ ಅಪ್ಪನ ತಾಯಿ. ಮೊಣಕಾಲು ಕೈಕೊಟ್ಟಿದೆ, ನಾಲಿಗೆ ಕೈಕೊಟ್ಟಿಲ್ಲ.

"ಇದ್ರಾಗೆ ಒಲೆ ಐತೇನಲೇ?"

"ಎಲ್ಡು ಬರ್ನರಿಂದೈತೆ ಅಜ್ಜಿ."

"ಸ್ವಂತದ್ದಾ?"

"ಒಲೆ, ಗ್ಯಾಸು, ಗಾಡಿ ಎಲ್ಲಾ ಸ್ವಂತದ್ದೇ."

ಅಜ್ಜಿ ಒಳಗೆ ಹತ್ತಿದಳು. ಕೂಸಿನ ಕೆನ್ನೆ ಮುಟ್ಟುವ ಹಾಗೆ ಒಲೆಯನ್ನು ಮುಟ್ಟಿದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ಅಜ್ಜಿ ಸ್ವಲ್ಪ ಹೊತ್ತು ಮಾತಾಡದಿದ್ದರೆ ನಾವು ಡಾಕ್ಟರಿಗೆ ಫೋನ್ ಮಾಡುತ್ತೇವೆ. ಆಮೇಲೆ ಹೇಳಿದಳು: "ಹಂಗಾರೆ ಮಾರ್ನಮಿ ಅಮಾಸೆಗೆ ದೊರೆ ಗದ್ದುಗೆಗೆ ಹೋಗಾಣ. ಈ ಸಲ ಆಗ್ಲಿಲ್ಲ ಅಂದ್ರೆ ಇನ್ನ ನನ್ ಕೈಲಿ ಆಗಾಕಿಲ್ಲ."

ಈಗ ದೊರೆಯ ವಿಷಯ. ಬಸವಾಪಟ್ಟಣದಿಂದ ಆಚೆ, ಗುಡ್ಡದ ಬೆನ್ನಿಗೆ, ಹಳೆಯ ಕಾಲದ ದೊರೆಗಳ ಗದ್ದುಗೆಗಳಿವೆ. ಅಲ್ಲಿ ಮಲಗಿರುವ ದೊಡ್ಡ ದೊರೆಯ ಕೈಕೆಳಗೆ ಅಡುಗೆ ಮಾಡಿಕೊಂಡಿದ್ದವರು ನಮ್ಮ ಹಿರಿಯರಂತೆ. ಒಮ್ಮೆ ದೊರೆ ಬೇಟೆಯಿಂದ ಹಸಿದು ಬಂದನಂತೆ, ಬಡಿಸಿದ ಅನ್ನ ಆರಿತ್ತಂತೆ. ತಟ್ಟೆ ಸರಿಸಿ, "ಬಿಸಿ ಮಾಡ್ರೋ" ಅಂದನಂತೆ. ಒಲೆ ಹೊತ್ತುವಷ್ಟರಲ್ಲಿ ಹೊರಗೆ ಹಗೆಯವರ ಗದ್ದಲವಾಗಿ, ಹಸಿದವನು ಹಾಗೆಯೇ ಎದ್ದು ಹೋದವನು ತಿರುಗಿ ಬರಲಿಲ್ಲವಂತೆ. ಬೇರೆಯವರ ಮುತ್ತಾತ ದಳವಾಯಿ ಆಗಿರುತ್ತಾನೆ, ಹುಲಿ ಹೊಡೆದಿರುತ್ತಾನೆ. ನಮ್ಮ ಮುತ್ತಾತ ಅನ್ನ ಆರಿಸಿದವನು. ನನ್ನ ಕೈಗುಣ ಎಲ್ಲಿಂದ ಬಂತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆ ಋಣಕ್ಕೆ ನಮ್ಮ ಮನೆತನದ ಪ್ರತಿ ಮನೆಯ ಸೊಸೆಯೂ ಜೀವಮಾನದಲ್ಲಿ ಒಮ್ಮೆಯಾದರೂ ಮಾರ್ನಮಿ ಅಮಾವಾಸ್ಯೆಯ ದಿನ, ಹೊತ್ತು ವಾಲುವ ಮುಂಚೆ, ದೊರೆಗೆ ಬಿಸಿ ಎಡೆ ಇಡಬೇಕು. ನವಣೆ ಅನ್ನ, ಹುರುಳಿಕಟ್ಟಿನ ಸಾರು. ಸ್ವಂತ ಮನೆಯ ಒಲೆಯಲ್ಲೇ ಬೇಯಿಸಬೇಕು, ತಾನೇ ಹೊತ್ತು ತರಬೇಕು. ಗದ್ದುಗೆಯ ಅಯ್ಯನವರು ಮಡಕೆಯ ಮೇಲೆ ಹಿತ್ತಾಳೆ ತಟ್ಟೆ ಹಿಡಿಯುತ್ತಾರೆ. ತಟ್ಟೆಗೆ ಹಬೆ ಕೂತರೆ ದೊರೆ ಉಂಡ ಹಾಗೆ. ತಟ್ಟೆ ಒಣಗಿದ್ದರೆ ಉಣ್ಣಲಿಲ್ಲ. ಬಾಡಿಗೆ ಒಲೆ ನಡೆಯುವುದಿಲ್ಲ, ಬಯಲಲ್ಲಿ ಮೂರು ಕಲ್ಲು ಹೂಡಿದರೂ ನಡೆಯುವುದಿಲ್ಲ.

ಗದ್ದುಗೆಯ ಪಕ್ಕದಲ್ಲೇ ಇರುವ ನೆಂಟರಿಗೆ ಇದು ಸಲೀಸು, ಬೆಳಗಿನ ತಂಪಿನಲ್ಲೇ ಎಡೆ ಇಟ್ಟು ಬರುತ್ತಾರೆ. ನಮ್ಮ ತಾತನ ಅಪ್ಪ ಯಾವ ಕಾಲದಲ್ಲೋ ಜಗಳೂರು ಸೀಮೆಗೆ ಬಂದು ಬಿಳಿಚೋಡಿನಲ್ಲಿ ನೆಲೆ ನಿಂತ. ಬಿಳಿಚೋಡಿನಲ್ಲಿ ಬೇಯಿಸಿದ ನವಣೆ ಬಸವಾಪಟ್ಟಣ ಮುಟ್ಟುವಷ್ಟರಲ್ಲಿ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಅಜ್ಜಿ ಸೊಸೆಯಾಗಿದ್ದಾಗ ಎರಡು ಸಲ ಹೋಗಿದ್ದಳು. ಮಡಕೆಗೆ ಕಂಬಳಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಳು. ಒಂದು ಸಲ ಕಂಡಕ್ಟರು "ಕೂಸಿಗೆ ಎಷ್ಟು ವಯಸ್ಸಮ್ಮ?" ಎಂದು ಕೇಳಿದನಂತೆ. ಎರಡು ಸಲವೂ ತಟ್ಟೆ ಒಣ ಒಣ.

ಅಂದಿನಿಂದ ನೆಂಟರಲ್ಲಿ ನಾವು 'ಆರಿದೆಡೆ ಮನೆಯವರು.' ಮನೆತನದಲ್ಲಿ ಯಾರ ಮದುವೆಯಾದರೂ ಮೊದಲ ಪಂಕ್ತಿಗೆ ಬಿಸಿಯೆಡೆ ಮನೆಯವರು, ಎರಡನೆಯದಕ್ಕೆ ನಾವು. "ನಂಗೇನು ಬೇಜಾರಿಲ್ಲಪ್ಪ, ಎರಡನೇ ಪಂಕ್ತಿಗೆ ಹಪ್ಪಳ ಹೊಸದಾಗಿ ಕರಿದಿರ್ತಾರೆ" ಎನ್ನುತ್ತಾಳೆ ನಮ್ಮವ್ವ. ಅಜ್ಜಿ ಹಾಗಲ್ಲ. ಮೊದಲ ಪಂಕ್ತಿ ಏಳುವವರೆಗೆ ಕಂಬಕ್ಕೆ ಒರಗಿ ನಿಂತು ಚಪ್ಪರದ ಮಾವಿನೆಲೆ ಎಣಿಸುವವಳ ಹಾಗೆ ಮೇಲೆ ನೋಡುತ್ತಿರುತ್ತಾಳೆ. ಚಿಕ್ಕವನಿದ್ದಾಗ ನಾನೂ ಅವಳ ಪಕ್ಕ ನಿಂತು ಮೇಲೆ ನೋಡುತ್ತಿದ್ದೆ. ಅಲ್ಲಿ ಏನೂ ಇಲ್ಲ, ಅವಳು ಬರೀ ಮುಖ ಮರೆಸಿಕೊಳ್ಳುತ್ತಿದ್ದಳು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಹೀಗೆ ನನ್ನ ಮನೆಗಾಡಿಯ ಮೊದಲ ಪ್ರವಾಸಿ ಗೌರಜ್ಜಿ. ನಾನು ಡ್ರೈವರು, ಹಾಲೇಶ ಕ್ಲೀನರು. ಅಮಾವಾಸ್ಯೆಯ ದಿನ ಬೆಳಗ್ಗೆ ಹೊರಟೆವು. ಅಜ್ಜಿ ಇಳಕಲ್ ಸೀರೆ ಉಟ್ಟು, ನವಣೆ ಮಡಕೆಯನ್ನು ತೊಡೆಯ ನಡುವೆ ಇಟ್ಟುಕೊಂಡು, ದಾವಣಗೆರೆ ದಾಟುವವರೆಗೂ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಕಿಟಕಿಯಿಂದ ಕೈಬೀಸಿದಳು. ಗಾಡಿಯೇನೂ ತೊಂದರೆ ಕೊಡಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಸಂತೇಬೆನ್ನೂರಿನಲ್ಲಿ ಚಾ ಕುಡಿಯಲು ನಿಲ್ಲಿಸಿದೆ. ಸಂತೆಯ ದಿನ. ರಸ್ತೆಯ ಎರಡೂ ಬದಿ ಸೊಪ್ಪು, ಮೆಣಸಿನಕಾಯಿ, ಮಂಡಕ್ಕಿ ಗುಡ್ಡೆ. ಆಗ ಬಸವಾಪಟ್ಟಣದಿಂದ ಷಣ್ಮುಖಪ್ಪಜ್ಜನ ಫೋನು. ಈ ಷಣ್ಮುಖಪ್ಪಜ್ಜ ನಮ್ಮ ತಾತನ ದಾಯಾದಿ ತಮ್ಮ, ಅಜ್ಜಿಗೆ ಮೈದುನ. ಬಿಸಿಯೆಡೆ ಮನೆಯವರ ಪೈಕಿ ಅತಿ ಬಿಸಿಯವರು. 'ಆರಿದೆಡೆ' ಎಂಬ ಹೆಸರು ಮೊದಲು ಹುಟ್ಟಿದ್ದು ಇವರ ಬಾಯಲ್ಲೇ.

"ಏನ್ ತಮ್ಮಾ, ಎಡೆ ತರ್ತಿದೀರಂತೆ? ಎಲ್ಲಿ ಬೇಯಸ್ತೀರಿ?"

"ನಮ್ ಮನೆಗಾಡ್ಯಾಗೆ ಅಜ್ಜಾರೆ. ಗದ್ದಿಗೆ ಬಾಗ್ಲಾಗೇ."

"ಗಾಡಿಗೆ ಪೂಜೆ ಗೀಜೆ ಮಾಡ್ಸೀಯೇನು?"

"ಜೋರಾಗಿ ಮಾಡ್ಸೀನಿ! ನಾಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ಸಿದ್ವಿ, ಬೂದುಗುಂಬಳ ಒಡದ್ವಿ, ಹಾರ ಹಾಕಿದ್ವಿ..."

ಫೋನಿನ ಆಚೆ ನಗು ಕೇಳಿಸಿತು. "ತಮ್ಮಾ, ನಿಂಬೆಹಣ್ಣು ತುಳಿಯೋದು ಗಾಡಿ. ಹಾಲು ಉಕ್ಕೋದು ಮನೆ. ನಿಂದು ಯಾವ್ದು? ಬರ್ರಿ ಬರ್ರಿ, ಗದ್ದಿಗೆ ನೋಡ್ಕಂಡು ಹೋಗ್ರಿ."

ಫೋನು ಸ್ಪೀಕರಿನಲ್ಲಿತ್ತು. ಅಜ್ಜಿಯ ಕೈಯಲ್ಲಿದ್ದ ಚಾದ ಲೋಟ ಅಲ್ಲೇ ನಿಂತಿತು.

"ಲೇ, ಊರಿಗೆಲ್ಲ ಮನೆ ಮನೆ ಅಂತ ಡಂಗುರ ಹೊಡದು, ಪೂಜೆ ಗಾಡಿದು ಮಾಡ್ಸೀಯೇನಲೇ?"

ಪೂಜೆ ಮಾಡುವ ಸ್ವಾಮಿಗಳು ಆವತ್ತು ಸ್ಪಷ್ಟವಾಗಿ ಕೇಳಿದ್ದರು: "ಗಾಡಿದೋ, ಗೃಹಪ್ರವೇಶನೋ?" ಗಾಡಿಯದಾದರೆ ಬೇಗ ಮುಗಿಯುತ್ತದೆ ಎಂದು ನಾನೇ ಗಾಡಿಯದು ಎಂದಿದ್ದೆ. ಇದನ್ನು ಅಜ್ಜಿಗೆ ಹೇಳಲಿಲ್ಲ. ಮುಖದಲ್ಲಿ ಬರೆದಿತ್ತು, ಅವಳು ಓದಿಕೊಂಡಳು.

"ಹಾಲು ತಾ" ಎಂದಳು.

"ಅಜ್ಜಿ, ಸಂತೇಲಿ ಗೃಹಪ್ರವೇಶನಾ?"

"ಮನೆ ಎಲ್ಲೈತೋ ಅಲ್ಲೇ ಗೃಹಪ್ರವೇಶ. ಹಾಲು ತಾ ಅಂದೆ."

ಚಾ ಅಂಗಡಿಯವನು ವಿಷಯ ಕೇಳಿ ಒಂದು ಚೊಂಬು ಹಸಿ ಹಾಲನ್ನು ತಾನೇ ತಂದು ಕೊಟ್ಟ. ಹಾಲು ಒಲೆಯ ಮೇಲೆ ಕೂತಿತು. ಅಷ್ಟರಲ್ಲಿ ಅಜ್ಜಿಗೆ ಹೊಳೆಯಿತು, ಗಾಡಿಯ ಹಿಂದಿರುವ ಮನೆಬಾಗಿಲು ಪಶ್ಚಿಮಕ್ಕೆ ಮುಖ ಮಾಡಿದೆ. ಹಾಲು ಉಕ್ಕುವಾಗ ಮನೆ ಪೂರ್ವಕ್ಕೆ ನೋಡುತ್ತಿರಬೇಕು. ಬೇರೆಯವರ ಮನೆಯಾದರೆ ಇದಕ್ಕೆ ಪರಿಹಾರವಿಲ್ಲ. ನಮ್ಮದಕ್ಕೆ ಸ್ಟೇರಿಂಗ್ ಇದೆ. "ತಿರುಗಿಸಲೇ!" ಎಂದಳು ಅಜ್ಜಿ. ಹಾಲೇಶ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡ. ಸಂತೆಯ ಜನ ಮೆಣಸಿನಕಾಯಿ ಚೀಲ ಸರಿಸಿ ದಾರಿ ಮಾಡಿದರು. ನಾನು ಎಡಕ್ಕೆ ತಿರುಗಿಸಿದೆ.

ಎಡಕ್ಕೆ. "ತಟ್ಟೆ ಬರ್ತಾವೆ" ಎಂದು ಕೂಗುವುದು ಮರೆತೆ. ತಟ್ಟೆಗಳು ಬಂದವು. ಬೆನ್ನ ಹಿಂದೆ ಬ್ಯಾಂಡ್‌ಸೆಟ್ಟೇ ಬಿದ್ದ ಹಾಗೆ ಸದ್ದಾಗಿ, ಬೆಚ್ಚಿ ಬ್ರೇಕಿನ ಮೇಲೆ ನಿಂತೆ. ಅದೇ ಹೊತ್ತಿಗೆ ಹಾಲು ಬುರಬುರನೆ ಪಾತ್ರೆಯಿಂದ ಇಳಿದು, ನೆಲದ ಮೇಲೆ ಹರಿದು ಬಂದು, ಗೇರ್ ರಾಡಿನ ಬುಡದಲ್ಲಿ ಬಿಸಿ ತಗಡಿನ ಮೇಲೆ ಚುಂಯ್ ಎಂದು ಕೂತಿತು.

ಅಜ್ಜಿ ಮೆಲ್ಲಗೆ ಕೇಳಿದಳು: "ಉಕ್ಕಿತೋ, ಚೆಲ್ಲಿತೋ?"

ಹಾಲೇಶ ಪಾತ್ರೆಯೊಳಗೆ ಇಣುಕಿದ. ನಾನು ಹಿಂದೆ ತಿರುಗಿ ನೋಡಿರಲಿಲ್ಲ. ಉತ್ತರ ಬಂದದ್ದು ತೆರೆದ ಬಾಗಿಲಿನ ಹೊರಗೆ, ಸೊಪ್ಪಿನ ಗುಡ್ಡೆಯ ಹಿಂದೆ ಕೂತಿದ್ದ ಹೆಂಗಸಿನಿಂದ. "ಉಕ್ತು ಕಣವ್ವ. ನಾ ನೋಡ್ತಾನೇ ಇದೀನಿ. ನೊರೆ ಮೇಲಕ್ಕೆ ಬಂದು ಉಕ್ತು, ಆಮ್ಯಾಲೆ ನಿನ್ ಮೊಮ್ಮಗ ಬ್ರೇಕ್ ಹಾಕ್ದ. ಹಾಕದಿದ್ರೂ ಉಕ್ತಿತ್ತು."

"ಹಾಲು ಹರಿದಿದ್ದು ಯಾವ ದಿಕ್ಕಿಗೆ?"

ಹಾಲೇಶ ಫೋನು ನೋಡಿ, "ಈಶಾನ್ಯ" ಎಂದ.

"ಇನ್ನಾ ಒಳ್ಳೇದಾತು" ಎಂದಳು ಅಜ್ಜಿ. ಸೊಪ್ಪಿನವಳನ್ನು ಒಳಗೆ ಕರೆದು, ಮಂಚದ ಮೇಲೆ ಕೂರಿಸಿ, ಕುಂಕುಮ ಇಟ್ಟು ಎಲೆ ಅಡಿಕೆ ಬಾಳೆಹಣ್ಣು ಕೊಟ್ಟಳು. ಅವಳು ಒಂದು ಕಟ್ಟು ಮೆಂತ್ಯ ಮುಯ್ಯಿ ಮಾಡಿ, "ಮನೆ ಚೆನ್ನಾಗೈತವ್ವ, ಸ್ವಲ್ಪ ಅಲ್ಲಾಡ್ತೈತೆ" ಎಂದು ಹರಸಿ ಇಳಿದಳು.

ಮನೆ ಏನೋ ಆಯಿತು. ಆದರೆ ಗದ್ದುಗೆಯ ಕಮಾನಿನ ಮುಂದೆ ಗಾಡಿ ನಿಲ್ಲಿಸಿ ನವಣೆ ಇಡಲು ಹೋದರೆ ಒಲೆ ಹೊತ್ತಲೊಲ್ಲದು. ಉಕ್ಕಿದ ಹಾಲು ಬರ್ನರಿನ ತೂತುಗಳಲ್ಲೆಲ್ಲ ಕೂತು ಕೆನೆಗಟ್ಟಿತ್ತು. ಮನೆ ಇಲ್ಲದಾಗ ಒಲೆ ಇತ್ತು, ಮನೆಯಾದ ಮೇಲೆ ಒಲೆ ಹೋಯಿತು. ಹೊತ್ತು ನೆತ್ತಿಗೆ ಬರುತ್ತಿತ್ತು. ನಾನು ಊದಿದೆ, ಬಡಿದೆ, ಗ್ಯಾಸ್ ಪೈಪಿಗೆ ಕೈಮುಗಿದೆ. ಅಜ್ಜಿ ನನ್ನನ್ನು ಪಕ್ಕಕ್ಕೆ ತಳ್ಳಿ, ಸೆರಗಿನ ಪಿನ್ನು ಬಿಚ್ಚಿ, ಒಂದೊಂದೇ ತೂತನ್ನು ಚುಚ್ಚುತ್ತ ಹೋದಳು. ಪಿನ್ನು ಜಾರದಂತೆ ಹಾಲೇಶ ಅವಳ ಮಣಿಕಟ್ಟನ್ನು ಹಿಡಿದುಕೊಂಡ. ನೀಲಿ ಜ್ವಾಲೆ ಭಗ್ಗೆಂದಾಗ ಮೂವರ ಹುಬ್ಬೂ ಸ್ವಲ್ಪ ಸ್ವಲ್ಪ ಸುಟ್ಟಿತು.

ನವಣೆ, ಹುರುಳಿಕಟ್ಟು ಬೇಯುವಾಗ ನಾನು ಇಳಿದು ಕಮಾನಿನ ಒಳಗೆ ಇಣುಕಿದೆ. ಉದ್ದನೆಯ ಅಂಗಳ, ಅದರ ಎರಡೂ ಬದಿಗೆ ಕಲ್ಲಿನ ಗದ್ದುಗೆಗಳು ಸಾಲಾಗಿ. ಅಷ್ಟು ಜನ ದೊರೆಗಳು ಹಾಗೆ ಒಟ್ಟಿಗೆ ಮಲಗಿರುವುದನ್ನು ನೋಡಿದರೆ ರೈಲಿನ ಸ್ಲೀಪರ್ ಬೋಗಿಯ ನೆನಪಾಗುತ್ತದೆ. ಕೆಲವಕ್ಕೆ ಕಲ್ಲಿನ ಮಂಟಪ ಇದೆ, ಕೆಲವಕ್ಕೆ ಬರೀ ಬಿಸಿಲು. ಓತಿಕ್ಯಾತಗಳು ಯಾರಪ್ಪಣೆಯೂ ಇಲ್ಲದೆ ದೊರೆಗಳ ಎದೆಯ ಮೇಲೆ ಹರಿದಾಡುತ್ತಿದ್ದವು. ತಮಾಷೆ ಮಾಡಲೆಂದೇ ಹೋಗಿದ್ದ ನನಗೆ ಕೊನೆಯಲ್ಲಿದ್ದ ದೊಡ್ಡ ಗದ್ದುಗೆ ಕಂಡಾಗ ಸುಮ್ಮನಾಗಬೇಕೆನಿಸಿತು. ಅದರ ಕಲ್ಲಿನಲ್ಲಿ ಕತ್ತಿ ಕೆತ್ತಿರಲಿಲ್ಲ, ಕುದುರೆ ಕೆತ್ತಿರಲಿಲ್ಲ. ಒಂದು ದುಂಡನೆಯ ತಟ್ಟೆ ಕೆತ್ತಿತ್ತು. ಅದರಲ್ಲಿ ಏನೂ ಇರಲಿಲ್ಲ.

ಅದು ಇದ್ದದ್ದು ದೂರದಲ್ಲಿ. ಕಮಾನಿನಿಂದ ಅಲ್ಲಿಗೆ ಒಂದು ಹೊಲ ದಾಟಿದಷ್ಟು ನಡೆಯಬೇಕು. ಅಜ್ಜಿಯ ಮೊಣಕಾಲಿನಲ್ಲಿ, ಮಡಕೆ ಹೊತ್ತುಕೊಂಡು, ಆ ಗಾಳಿಯಲ್ಲಿ ಹೋಗುವಷ್ಟರಲ್ಲಿ ನವಣೆ ಮತ್ತೆ ಆರುತ್ತದೆ. ಅಜ್ಜಿಯೂ ಬಾಗಿಲಲ್ಲಿ ನಿಂತು ಅದನ್ನೇ ಅಳೆಯುತ್ತಿದ್ದಳು. ಆ ಮುಖ ನಾನು ಮದುವೆ ಚಪ್ಪರದಲ್ಲಿ ನೋಡಿದ ಮುಖ.

"ಅಜ್ಜಿ, ನೀ ನಡೀಬ್ಯಾಡ" ಎಂದೆ. "ಮನೇನೇ ಒಳಗೆ ಒಯ್ತೀನಿ."

ಗದ್ದುಗೆ ಅಯ್ಯನವರು ಬಂದರು. ಬಿಳಿ ಗಡ್ಡದ, ನಗುಮುಖದ ಹಿರಿಯರು. "ಕಸ ಒಯ್ಯಾಕೆ ಟ್ರ್ಯಾಕ್ಟರ್ ಬರ್ತೈತೆ, ಮನೆ ಬಂದ್ರೇನು, ತಗಂಬಾ" ಎಂದರು. ಹಿಂದಿನ ಬಾಗಿಲು ಗದ್ದುಗೆಯ ಕಡೆ ತೆರೆಯಲೆಂದು ನಾನು ರಿವರ್ಸಿನಲ್ಲಿ ಹೊರಟೆ. ಷಣ್ಮುಖಪ್ಪಜ್ಜ ನಮ್ಮ ಸೋಲು ನೋಡಲೆಂದು ಇಸ್ತ್ರಿ ಪಂಚೆ, ಬಿಳಿ ಜುಬ್ಬ, ಹೆಗಲಿಗೊಂದು ಟವೆಲು ಹಾಕಿಕೊಂಡು ಕಮಾನಿನ ಕೆಳಗೆ ನಿಂತಿದ್ದರು. ಆದರೆ ನಮ್ಮ ಸೀಮೆಯ ಗಂಡಸರ ರಕ್ತದಲ್ಲೇ ಒಂದು ದೌರ್ಬಲ್ಯವಿದೆ. ಹಿಂದೆ ಬರುವ ಗಾಡಿ ಕಂಡರೆ, ಅದು ಹಗೆಯವನದೇ ಆಗಿರಲಿ, ಸುಮ್ಮನಿರಲು ಆಗುವುದಿಲ್ಲ. ಷಣ್ಮುಖಪ್ಪಜ್ಜನ ಕೈ ತಾನಾಗಿ ಮೇಲೆ ಹೋಯಿತು.

"ಬರ್ಲಿ, ಬರ್ಲಿ, ಬರ್ಲಿ... ಬಲಕ್ಕೆ ಕಟ್ ಮಾಡು... ಬರ್ಲಿ, ಜಾಗ ಭಾಳ ಐತೆ, ಬರ್ಲಿ!"

ಅವರು ಚಕ್ರ ನೋಡುತ್ತಿದ್ದರು. ನಾನು ಅವರನ್ನು ನೋಡುತ್ತಿದ್ದೆ. ನೆತ್ತಿಯನ್ನು ಯಾರೂ ನೋಡಲಿಲ್ಲ. ಊರವರು ಹೊಸದಾಗಿ ಕಟ್ಟಿಸಿದ ಸಿಮೆಂಟಿನ ಕಮಾನಿಗೆ ನಮ್ಮ ಅಂಬಾರಿ ತಾಗಿ, ಕ್ಲಾಂಪು ಕಿತ್ತು, ಪೈಪು ಹರಿದು, ಇಡೀ ಟ್ಯಾಂಕು ಉರುಳಿ ಪಕ್ಕದ ಹುಲ್ಲಿಗೆ ಬಿತ್ತು. ಕಮಾನಿಗೆ ಗೀರೂ ಬೀಳಲಿಲ್ಲ. ಟ್ಯಾಂಕಿನ ನೀರೆಲ್ಲ ಷಣ್ಮುಖಪ್ಪಜ್ಜನ ಮೇಲೆ ಬಿತ್ತು. ಕೈ ಇನ್ನೂ ಮೇಲೇ ಇತ್ತು, ಬಾಯಲ್ಲಿ 'ಬರ್ಲಿ' ಅರ್ಧ ಇತ್ತು.

"ಷಣ್ಮುಖಪ್ಪ, ಮಡಿ ಆತು ನೋಡು" ಎಂದರು ಅಯ್ಯನವರು.

ಟ್ಯಾಂಕಿಲ್ಲದ ಗಾಡಿ ಸಲೀಸಾಗಿ ಒಳಗೆ ಹೋಯಿತು. ದೊಡ್ಡ ಗದ್ದುಗೆಯ ಮುಂದೆ, ಹಿಂದಿನ ಬಾಗಿಲು ಸರಿಯಾಗಿ ಕಲ್ಲಿನ ತಟ್ಟೆಗೆ ಎದುರಾಗಿ ನಿಂತಿತು. ನನ್ನ ಜೀವನದಲ್ಲಿ ನಾನು ಸರಿಯಾಗಿ ನಿಲ್ಲಿಸಿದ ಒಂದೇ ಗಾಡಿ ಅದು. ಒಳಗೆ ನವಣೆ ಕುದಿಯುತ್ತಿತ್ತು.

ಷಣ್ಮುಖಪ್ಪಜ್ಜ ನೀರು ತೊಟ್ಟಿಕ್ಕಿಸುತ್ತ ಬಂದರು. ಪಟ್ಟು ಮಾತ್ರ ನೆನೆದಿರಲಿಲ್ಲ.

"ಅಯ್ಯನೋರೆ, ಹಾಲು ಉಕ್ತು ಅಂತಾರೆ, ಒಪ್ಪಿದೆ. ಹೊಸ್ತಿಲಿಲ್ಲದ್ದು ಮನೆ ಹೆಂಗಾಗ್ತೈತೆ? ಎಲ್ಲೈತೆ ಹೊಸ್ತಿಲು? ತೋರಿಸ್ರಿ."

ಹೊಸ್ತಿಲು ಇಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅಯ್ಯನವರು "ನೋಡಾಣ" ಎಂದು ಗಾಡಿ ಹತ್ತಲು ಬಂದರು. ಇಲ್ಲೊಂದು ವಿಷಯ ಹೇಳಬೇಕು. ಬಾಗಿಲಿಗೆ ನಾನೊಂದು ಕಬ್ಬಿಣದ ಪಟ್ಟಿ ಹಾಕಿಸಿದ್ದೆ. ಅದು ನೆಲಕ್ಕೆ ಸಮನಾಗಿರಬೇಕಿತ್ತು. ನನ್ನ ಅಳತೆ ಗೊತ್ತಲ್ಲ, ಎದ್ದು ನಿಂತಿತ್ತು. ಹತ್ತಿದವರೆಲ್ಲ ಅದಕ್ಕೆ ಎಡವಿ ನನಗೆ ಒಂದೊಂದು ಬೈಗುಳ ಬಿಟ್ಟು ಹೋಗುತ್ತಿದ್ದರು. ಅಯ್ಯನವರೂ ಎಡವಿದರು. ಜೋರಾಗಿಯೇ. ಹೆಬ್ಬೆರಳು ಹಿಡಿದುಕೊಂಡು, ಹಲ್ಲು ಕಚ್ಚಿ, ಹೊರಗೆ ತಲೆ ಹಾಕಿ ಹೇಳಿದರು:

"ಐತಪ್ಪ ಷಣ್ಮುಖಪ್ಪ. ಹೊಸ್ತಿಲು ಚೆನ್ನಾಗೈತೆ."

ಅಜ್ಜಿ ಮಡಕೆ ಎತ್ತಿದಳು. ಬಲಗಾಲಿಟ್ಟು ಹೊಸ್ತಿಲು ದಾಟಿದಳು. ನಾನೂ ಹಾಲೇಶನೂ ಅಕ್ಕಪಕ್ಕ ಕೈ ಚಾಚಿದ್ದೆವು, ಮುಟ್ಟಲಿಲ್ಲ. ಎಡೆಯನ್ನು ತಟ್ಟೆಯ ಕೆತ್ತನೆಯ ಮುಂದೆ ಇಳಿಸಿ, ಮುಚ್ಚಳ ತೆಗೆದಳು. ಅಯ್ಯನವರು ಗದ್ದುಗೆಯ ಮೇಲಿದ್ದ ಹಿತ್ತಾಳೆ ತಟ್ಟೆಯನ್ನು ವಸ್ತ್ರದ ತುದಿಯಲ್ಲಿ ತೆಗೆದು ಮಡಕೆಯ ಮೇಲೆ ಹಿಡಿದರು.

ಹಬೆ ಏಳುತ್ತಿತ್ತು. ನನಗೆ ಕಾಣುತ್ತಿತ್ತು. ಅಯ್ಯನವರು ತಟ್ಟೆ ತಿರುಗಿಸಿದರು. ಒಣ.

ಇನ್ನೊಮ್ಮೆ ಹಿಡಿದರು. ಒಣ.

ಷಣ್ಮುಖಪ್ಪಜ್ಜ ಗಂಟಲು ಸರಿ ಮಾಡಿಕೊಂಡರು. ನಾನು ಅಜ್ಜಿಯ ಕಡೆ ನೋಡಲಾರದೆ ನನ್ನ ಚಪ್ಪಲಿ ನೋಡಿಕೊಂಡೆ. ಸೋತರೆ ಹೇಗೆ ನಗಿಸಬೇಕೆಂದು ದಾರಿಯುದ್ದಕ್ಕೂ ಯೋಚಿಸಿ ಇಟ್ಟುಕೊಂಡಿದ್ದ ಜೋಕುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಆಗ ಅಜ್ಜಿ ಕೈ ಚಾಚಿ ತಟ್ಟೆಯನ್ನು ಮುಟ್ಟಿದಳು. ಫಕ್ಕನೆ ಬೆರಳು ಹಿಂದೆಳೆದುಕೊಂಡಳು.

"ಅಯ್ಯನೋರೆ, ತಟ್ಟೆ ಸುಡ್ತೈತಲ್ರೀ!"

ಬೆಳಗಿನಿಂದ ಆ ತಟ್ಟೆ ಬಿಸಿಲಲ್ಲಿ, ಕಲ್ಲಿನ ಮೇಲೆ ಕಾದಿತ್ತು. ಕಾದ ಹಂಚಿನ ಮೇಲೆ ಹನಿ ನಿಲ್ಲುತ್ತದೆಯೇ? ಒಲೆಯ ಮುಂದೆ ಬಾಳು ಸವೆಸಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

"ಆರಿರಬೇಕಾಗಿದ್ದು ತಟ್ಟೆ. ನನ್ ಅನ್ನ ಅಲ್ಲ" ಎಂದಳು. ಆಮೇಲೆ, "ಅವಾಗ್ಲೂ ಬಿಸ್ಲಾಗೇ ಇತ್ತು ಈ ತಟ್ಟೆ. ಎಲ್ಡು ಸಲನೂ" ಎಂದಳು. ಯಾರನ್ನೂ ನೋಡಿ ಹೇಳಲಿಲ್ಲ. ಎಲ್ಲರಿಗೂ ತಾಗಿತು.

ಅಯ್ಯನವರು ಒಂದು ಗಳಿಗೆ ತಟ್ಟೆ ನೋಡುತ್ತ ನಿಂತರು. ಆಮೇಲೆ ಷಣ್ಮುಖಪ್ಪಜ್ಜನ ಹೆಗಲಿನಿಂದ ಒದ್ದೆ ಟವೆಲು ಎಳೆದುಕೊಂಡರು. ತಟ್ಟೆಯನ್ನು ಅದರಲ್ಲಿ ಸುತ್ತಿ, ತಣ್ಣಗಾಗುವವರೆಗೆ ಒತ್ತಿ, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ನಮಗೆಲ್ಲ ತೋರಿಸಿದರು. ಒಣಗಿತ್ತು. ಮಡಕೆಯ ಮೇಲೆ ಹಿಡಿದರು.

ತಿರುಗಿಸುವುದೇ ಬೇಕಾಗಲಿಲ್ಲ. ತಟ್ಟೆಯ ಅಂಚಿನಿಂದ ಒಂದು ಹನಿ ಜಾರಿ ಕೆತ್ತಿದ ಕಲ್ಲಿನ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು. ಅಯ್ಯನವರು ಗಂಟೆ ಹಿಡಿದು ಗುಡ್ಡಕ್ಕೆ ಕೇಳುವ ಹಾಗೆ ಬಾರಿಸಿ ಕೂಗಿದರು: "ಬಿಳಿಚೋಡಿನ ಮನೆಯಿಂದ ಬಿಸಿಯೆಡೆ ಬಂತೋ! ದೊರೆ ಉಂಡನೋ!"

ನಾನು ಓಡಿಹೋಗಿ ಹಾರನ್ನು ಒತ್ತಿದೆ. ದೊರೆಗಳ ಗದ್ದುಗೆಯ ತುಂಬ ಮದುವೆ ವಾಲಗ ಮೊಳಗಿತು. ಓತಿಕ್ಯಾತಗಳೆಲ್ಲ ಓಡಿದವು. ಹಾಲೇಶ, ಕಡಿಮೆ ಮಾತಿನ ಹಾಲೇಶ, ಬಿದ್ದ ತಟ್ಟೆಗಳನ್ನೆಲ್ಲ ತಂದು ವೆಲ್ಡಿಂಗಿನ ಕೈಯಲ್ಲಿ ತಾಳ ಹೊಡೆದ. ಅಜ್ಜಿ ಕುಣಿಯಲಿಲ್ಲ, ಅಳಲಿಲ್ಲ. ಗದ್ದುಗೆಗೆ ಹಣೆ ಹಚ್ಚಿ ಎದ್ದವಳು ನೇರ ಮನೆಯ ಬಾಗಿಲಿಗೆ ಹೋಗಿ ನಿಂತಳು. ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಎಂದೂ ನೋಡಿರಲಿಲ್ಲ.

ದೊರೆ ಉಂಡ ಮೇಲೆ ಉಳಿದ ಎಡೆಯನ್ನು ತಂದ ಮನೆಯೊಳಗೇ ಕೂತು ಎಲ್ಲರೂ ಉಣ್ಣಬೇಕು. ಅಯ್ಯನವರು ಈ ಸಲ ಹೊಸ್ತಿಲನ್ನು ಎತ್ತರಕ್ಕೆ ಕಾಲೆತ್ತಿ ದಾಟಿ ಮಂಚದ ಮೇಲೆ ಕೂತರು. ಅಜ್ಜಿ ಅಕ್ಕಪಕ್ಕ ಎರಡು ಎಲೆ ಹಾಕಿದಳು. ಒಂದು ಅಯ್ಯನವರಿಗೆ, ಒಂದು ತನಗೆ. ಮೊದಲ ಪಂಕ್ತಿ.

ಷಣ್ಮುಖಪ್ಪಜ್ಜ ಇನ್ನೂ ಹೊರಗೇ ನಿಂತಿದ್ದರು. ಒದ್ದೆ ಪಂಚೆ ಕಾಲಿಗೆ ಅಂಟಿತ್ತು. ಕೊನೆಗೆ ಬಾಗಿಲಿಗೆ ಬಂದು ಒಂದು ಕಾಲು ಮೇಲಿಟ್ಟರು.

"ಷಣ್ಮುಖಪ್ಪ" ಎಂದಳು ಅಜ್ಜಿ. "ಚಪ್ಲಿ ಹೊರಗೆ ಬಿಡಪ್ಪ. ಮನೆ ಇದು."

ಅವರು ಕಾಲು ಹಿಂದೆ ತೆಗೆದುಕೊಂಡರು. ಚಪ್ಪಲಿ ಬಿಚ್ಚಿ, ಜೋಡಿಯಾಗಿ ಪಕ್ಕಕ್ಕೆ ಇಟ್ಟರು. ತಲೆ ಒಳಗೆ ಹಾಕಿ, ಸಣ್ಣ ದನಿಯಲ್ಲಿ, "ಅತ್ತಿಗೆಮ್ಮ, ನಂಗೂ ಒಂದೆಲೆ ಐತೇನು?" ಎಂದರು.

ಅಜ್ಜಿ ಅವಸರ ಮಾಡಲಿಲ್ಲ. ಸೆರಗು ಸರಿ ಮಾಡಿಕೊಂಡಳು. ಮೂರನೆಯ ಎಲೆ ಹಾಸಿದಳು. ಮಡಕೆಯ ತಳದಿಂದ, ಇನ್ನೂ ಹಬೆಯಾಡುವ ಕಡೆಯಿಂದ ನವಣೆ ಎತ್ತಿ ಗುಡ್ಡೆಯಾಗಿ ಬಡಿಸಿದಳು. ನಡುವೆ ಗುಳಿ ಮಾಡಿ ಸಾರು ಬಿಟ್ಟಳು. ಷಣ್ಮುಖಪ್ಪಜ್ಜ ಕೂತು ಕೈ ಹಾಕಲು ಹೋದರು.

"ತಡಿಯಪ್ಪ" ಎಂದಳು ಗೌರಜ್ಜಿ. "ಭಾಳ ಬಿಸಿ ಐತೆ. ಆರಿಸ್ಕಂಡು ಉಣ್ಣು."